ಕಾದವರು ಮೊದಲು

೧೯೮೧ರ ಮಳೆಗಾಲದಲ್ಲಿ ನಾನು ಓದು ಬಿಟ್ಟೆ. ಏಳನೇ ತರಗತಿಗೆ ಕೂತು ಹದಿನೈದು ದಿನ ಆಗಿತ್ತು. ಬಿಡಿಸಿದರು ಎಂದು ಹೇಳಿಕೊಳ್ಳುವವರು ಬಹಳ ಜನ ಇದ್ದಾರೆ, ನಾನು ಹಾಗೆ ಹೇಳುವುದಿಲ್ಲ. ಅಪ್ಪ ಬಿದಿರು ಕಡಿಯಲು ಹೋಗಿ ಬಲಗೈಗೆ ಕತ್ತಿ ಹಾಕಿಕೊಂಡು ಬಂದಿದ್ದ. ಹೆಬ್ಬೆರಳಿನ ಬುಡ ಸೀಳಿ ಹೋಗಿತ್ತು. ಹೊಳೆ ದಿನಕ್ಕೊಂದು ಮೆಟ್ಟಿಲು ಏರುತ್ತಿತ್ತು, ದೋಣಿ ನಿಲ್ಲಿಸುವ ಹಾಗಿರಲಿಲ್ಲ. ಎರಡು ವಾರ ನೀನು ಹುಟ್ಟು ಹಾಕು, ಗಾಯ ಮಾಯ್ದ ಮೇಲೆ ಶಾಲೆಗೆ ಹೋಗು ಎಂದ. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು, ಮಾಯ್ದ ಮೇಲೂ ಆ ಬೆರಳು ಮಡಚಲಿಲ್ಲ. ಆದರೆ ಅಷ್ಟರೊಳಗೆ ನನಗೆ ಬೇರೆಯೇ ರುಚಿ ಹತ್ತಿತ್ತು. ಶಾಲೆಯಲ್ಲಿ ನಾನು ಹಿಂದಿನ ಸಾಲಿನವನು. ಹೊಳೆಯ ಮೇಲೆ ಮೀಸೆ ಬಂದ ಗಂಡಸರು ನಾನು ಕೂರು ಎಂದ ಕಡೆ ಕೂರುತ್ತಿದ್ದರು. ಹದಿಮೂರು ವರ್ಷದವನಿಗೆ ಇದಕ್ಕಿಂತ ದೊಡ್ಡ ಶಾಲೆ ಬೇಕಾಗುವುದಿಲ್ಲ.

ನಮ್ಮ ಮನೆಗೆ ದೋಣಿಮನೆ ಎಂದೇ ಹೆಸರು. ವರದಾ ಹೊಳೆಯ ಪಶ್ಚಿಮದ ದಂಡೆಯಲ್ಲಿ, ಊರಿನಿಂದ ಎರಡು ಕೂಗಳತೆ ದೂರದಲ್ಲಿತ್ತು. ಸೊರಬದ ರಸ್ತೆ, ಬಸ್ಸು, ಸಂತೆ, ಆಸ್ಪತ್ರೆ ಎಲ್ಲವೂ ಹೊಳೆಯ ಆ ಕಡೆ. ನಾವು ಮತ್ತು ನಮ್ಮ ಬೆನ್ನಿಗಿದ್ದ ಏಳು ಊರುಗಳು ಈ ಕಡೆ. ಮನೆ ಸಣ್ಣದು, ಆದರೆ ಬಾಗಿಲು ಮಾತ್ರ ಛತ್ರದ ಬಾಗಿಲಿನಷ್ಟು ಅಗಲ, ಯಾಕೆಂದರೆ ಹರಿಗೋಲು ಒಳಗೆ ಬರಬೇಕಿತ್ತು. ಹೊಳೆ ಇಳಿದು ಜನ ಬಂಡೆಯ ಮೇಲೆ ಕಾಲಿಟ್ಟು ದಾಟುವ ಹಾಗಾದಾಗ ಅಪ್ಪ ಅದನ್ನು ಮೇಲೆ ತಂದು ನಡುಮನೆಯಲ್ಲಿ ಬೋರಲು ಹಾಕುತ್ತಿದ್ದ. ಅಲ್ಲಿಂದ ಮುಂದಿನ ಮಳೆಗಾಲದವರೆಗೆ ನಾವು ಗೋಡೆಗೆ ಬೆನ್ನು ಸವರಿಕೊಂಡು ಓಡಾಡಬೇಕು. ನಾನು ಅದರ ಕೆಳಗೆ ಮಲಗುತ್ತಿದ್ದೆ. ಬಿದಿರಿನ ದಬ್ಬೆಗಳ ಹೆಣಿಗೆ, ಡಾಂಬರಿನ ವಾಸನೆ, ಅದರೊಳಗಿನ ಕತ್ತಲು, ಇವಿಷ್ಟೇ ನನಗೆ ಮನೆ ಎಂದರೆ ಮೊದಲು ನೆನಪಾಗುವುದು. ಅಜ್ಜನ ಅಪ್ಪನ ಕಾಲದಲ್ಲಿ ಒಂದೇ ಮರ ಕೊರೆದ ದೋಣಿ ಇತ್ತಂತೆ. ಅಂಥ ಮರ ಕಡಿಯಲು ಬಿಡದ ಕಾಲ ಬಂದ ಮೇಲೆ ಹರಿಗೋಲಾಯಿತು. ಅಜ್ಜ ಅದಕ್ಕೆ ಎಮ್ಮೆಚರ್ಮ ಹೊದಿಸಿ, ಬಿರಿಯದಂತೆ ಹೊಂಗೆ ಎಣ್ಣೆ ಉಜ್ಜುತ್ತಿದ್ದ. ಅಪ್ಪನ ಕಾಲಕ್ಕೆ ಚರ್ಮ ಹೋಗಿ ತಾಡಪತ್ರಿ ಬಂತು, ಮೇಲೆ ಡಾಂಬರು. ನಾನು ಹುಟ್ಟು ಹಾಕಿದ ಕೊನೆಯ ವರ್ಷಗಳಲ್ಲಿ ಗೊಬ್ಬರದ ಪ್ಲಾಸ್ಟಿಕ್ ಚೀಲ ಹೊಲಿದು ಹೊದಿಸಿದ್ದೂ ಉಂಟು. ಹಡಗುಗಳ ಇತಿಹಾಸ ಎಂದು ದಪ್ಪ ದಪ್ಪ ಪುಸ್ತಕಗಳಿವೆಯಂತೆ. ನಮ್ಮ ಮನೆಯ ಇತಿಹಾಸ ನಾಲ್ಕು ಮಾತಿನದು. ಮರ, ಚರ್ಮ, ತಾಡಪತ್ರಿ, ಪ್ಲಾಸ್ಟಿಕ್.

ಅವ್ವ ಶಿಕಾರಿಪುರ ತಾಲ್ಲೂಕಿನವಳು, ತೊಗರ್ಸಿ ಕಡೆಯ ಬಯಲು ಊರಿನಿಂದ ಬಂದವಳು. ಅವಳಿಗೆ ಕೆರೆ ಗೊತ್ತಿತ್ತು, ಹೊಳೆ ಗೊತ್ತಿರಲಿಲ್ಲ. ನಮ್ಮೂರ ನೀರು ನಿಂತಿರತೈತಿ, ನಿಮ್ಮೂರ ನೀರು ಎಲ್ಲಿಗೋ ಹೊಂಟಿರತೈತಿ, ಅದರ ಮೇಲೆ ಹೆಂಗ ನಂಬಿಕಿ ಇಡೂದು ಎನ್ನುತ್ತಿದ್ದಳು. ಮೊದಲ ಕೆಂಪು ನೀರು ಬಂದ ದಿನ ಮನೆಯ ಹೆಂಗಸು ಮೊರದಲ್ಲಿ ಅರಿಶಿನ, ಕುಂಕುಮ, ಹಸಿರು ಬಳೆ, ಕುಪ್ಪಸದ ಕಣ ಇಟ್ಟು ಗಂಗೆಗೆ ಬಿಡಬೇಕು. ಅವ್ವ ಪ್ರತಿ ವರ್ಷವೂ ಕೊನೆಯ ಮೆಟ್ಟಿಲಿಗೆ ಇಳಿಯದೆ ಮೇಲಿನಿಂದಲೇ ಮೊರ ಚಾಚುತ್ತಿದ್ದಳು. ಅಜ್ಜಿ, ಅಂದರೆ ಅಪ್ಪನ ಅವ್ವ, ಹಿಂದಿನಿಂದ ಗೊಣಗುತ್ತಿದ್ದಳು. ಮಳೆ ಹಿಡಿದಾಗ ಅಪ್ಪ ಡಾಂಬರನ್ನು ಅಡುಗೆಯ ಒಲೆಯ ಮೇಲೇ ಕಾಯಿಸುತ್ತಿದ್ದ. ಅದಕ್ಕೆ ವರ್ಷವೂ ಒಂದು ಜಗಳ.

"ಈ ವಾಸನಿ ಅನ್ನಕ್ಕ ಹತ್ತೈತ್ರೀ. ನೀವು ಉಣ್ರಿ, ನಾ ಒಲ್ಲೆ."

"ಈ ವಾಸನೆ ಇರೋದಕ್ಕೇ ಈ ಮನೆಗೆ ಅನ್ನ ಬರೋದು ಮಾರಾಯ್ತಿ. ಮೂಗು ಮುಚ್ಕಂಡು ಉಣ್ಣು."

ಅಪ್ಪ ಹೇಳಿದ್ದು ಸುಳ್ಳಲ್ಲ. ಏಳು ಊರಿನವರೂ ದೋಣಿಗೆ ದುಡ್ಡು ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಪ್ರತಿ ಮನೆಯವರೂ ಇಷ್ಟು ಭತ್ತ ಅಳೆದು ಹಾಕುತ್ತಿದ್ದರು. ಅದಕ್ಕೆ ಪ್ರತಿಯಾಗಿ ನಮ್ಮ ಮನೆಗೊಂದು ನೇಮ. ದೋಣಿ ದಾಟುವ ಜಾಗಕ್ಕೆ ನಮ್ಮ ಕಡೆ ಕಡವು ಎನ್ನುತ್ತಾರೆ. ಕಡವಿನಲ್ಲಿ ಕಾದು ನಿಂತವರು ಇರುವಾಗ ದೋಣಿಮನೆಯವರು ದೋಣಿ ಹತ್ತಬಾರದು. ಎಷ್ಟೇ ಅವಸರವಿರಲಿ, ಕಾದವರು ಮೊದಲು, ಮನೆಯವರು ಕೊನೆಗೆ. ಅಪ್ಪ ಊಟಕ್ಕೆ ಕೂತಿರುವಾಗ ಆಚೆ ದಂಡೆಯಿಂದ ಯಾರಾದರೂ ಕೂಗು ಹಾಕಿದರೆ ತುತ್ತನ್ನು ತಟ್ಟೆಗೆ ಬಿಟ್ಟು ಎದ್ದುಬಿಡುತ್ತಿದ್ದ. ಅವ್ವ ಆ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಬೋರಲು ಹಾಕಿ ಕಾಯುತ್ತಿದ್ದಳು. ಅಪ್ಪ ಬಿಸಿ ಅನ್ನ ಉಂಡದ್ದನ್ನು ಮಳೆಗಾಲದಲ್ಲಿ ನಾನು ನೋಡಿಲ್ಲ. ಅಜ್ಜ ಸತ್ತ ದಿನವೂ ಅಪ್ಪ ಎರಡು ಸಲ ಹುಟ್ಟು ಹಾಕಿ ಬಂದೇ ಹೆಣಕ್ಕೆ ಹೆಗಲು ಕೊಟ್ಟಿದ್ದನಂತೆ. ಇದನ್ನು ಅವನು ಹೇಳುವಾಗ ದನಿಯಲ್ಲಿ ದುಃಖ ಇರುತ್ತಿರಲಿಲ್ಲ. ನನಗೂ ಕೇಳುವಾಗ ಎದೆ ಉಬ್ಬುತ್ತಿತ್ತು.

ಆ ವರ್ಷ ಅವ್ವ ಬಸುರಿ. ನನ್ನ ಬೆನ್ನಿಗೆ ಹುಟ್ಟಿದ ಎರಡು ಉಳಿದಿರಲಿಲ್ಲ, ಹಾಗಾಗಿ ಇದು ಎಲ್ಲರೂ ಕಾದ ಕೂಸು. ಆಷಾಢ ಹಿಡಿಯುವ ಮೊದಲು ಅವಳ ಅಣ್ಣ, ನನ್ನ ಸೋದರಮಾವ, ಕರೆದುಕೊಂಡು ಹೋಗಲು ಬಂದ. ಇವರ ಕೈ ಹಿಂಗಾಗೈತಿ, ಹುಡುಗ ಹೊಳಿಯಾಗ ಇರ್ತಾನ, ನಾ ಹೆಂಗ ಬರ್ಲಿ ಎಂದು ಅವಳೇ ಹೋಗಲಿಲ್ಲ. ಮಾವ ತಿರುಗಿ ಹೊರಟಾಗ ಕಡವಿನಲ್ಲಿ ಒಂಬತ್ತು ಜನ ಕಾಯುತ್ತಿದ್ದರು. ಮಾವನಿಗೆ ಬಸ್ಸು ತಪ್ಪೀತು ಎಂದು ನಾನು ಅವನನ್ನು ಮೊದಲು ಕೂರಿಸಿದೆ. ಹುಟ್ಟು ಹಿಡಿದು ಇನ್ನೂ ಹತ್ತು ದಿನ ಆಗಿರಲಿಲ್ಲ. ಕಾಯುತ್ತಿದ್ದವರಲ್ಲಿ ಹಾಲಪ್ಪ ಎಂಬ ಮುದುಕ ಇದ್ದ, ಹಿಂದಿನ ಕೊಪ್ಪದವನು, ತರಕಾರಿ ಬೆಳೆದು ಸಂತೆಗೆ ಒಯ್ಯುವವನು, ಬಾಯಿ ಬಹಳ. ಅಪ್ಪನಿಗೆ ಕೇಳುವ ಹಾಗೆ ಅವನು ಹೇಳಿದ:

"ಹೊಸ ಅಂಬಿಗನ ಲೆಕ್ಕದಾಗೆ ಮಾವ ದೊಡ್ಡೋನು ಕಣ್ರಾ. ನಾವು ಬರೀ ಭತ್ತ ಅಳೆದೋರು."

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಆ ದಿನ ಅವನು ಊಟ ಮಾಡಲಿಲ್ಲ. ನನ್ನನ್ನು ಹೊಡೆದಿದ್ದರೆ ಮುಗಿಯುತ್ತಿತ್ತು, ಹೊಡೆಯಲೂ ಇಲ್ಲ. ಸಂಜೆ ಜಗುಲಿಯ ಮೇಲೆ ಕೂತು, ಗಾಯದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಒಂದೇ ಮಾತು ಹೇಳಿದ.

"ಹುಟ್ಟು ಹಾಕೋದು ಯಾರಿಗಾದ್ರೂ ಬರ್ತದೆ. ಕಡವು ಕಾಯೋದು ಎಲ್ಲರಿಗೂ ಬರಲ್ಲ."

ಆ ಮಾತು ನನ್ನೊಳಗೆ ಮುಳ್ಳಿನಂತೆ ಕೂತಿತು. ಮರುದಿನದಿಂದ ನಾನು ಅಪ್ಪನಿಗಿಂತ ಬಿಗಿಯಾದೆ. ಯಾರು ಮೊದಲು ಬಂದರು, ಯಾರು ಆಮೇಲೆ ಬಂದರು ಎಂದು ನೋಡಿ ಕೂರಿಸುತ್ತಿದ್ದೆ. ಅಜ್ಜಿ ಔಷಧಿ ತರಲು ಆಚೆ ಹೋಗಬೇಕೆಂದರೂ ಮೂರು ಸಲ ಕಾಯಿಸಿದೆ. ಜನ ಮೆಚ್ಚಿಕೊಂಡರು. ಅಪ್ಪ ದಂಡೆಯ ಮೇಲೆ ನಿಂತು ನೋಡುತ್ತಿದ್ದ. ಮೆಚ್ಚಿದೆ ಎಂದು ಹೇಳುವವನಲ್ಲ, ಆದರೆ ರಾತ್ರಿ ತನ್ನ ಮೀನಿನ ತುಂಡನ್ನು ನನ್ನ ತಟ್ಟೆಗೆ ಹಾಕಿದ.

ಆಷಾಢದ ಕೊನೆಯ ವಾರ, ಸಂತೆಯ ದಿನ. ಮೂರು ದಿನ ಬಿಡದೆ ಸುರಿದು ಹೊಳೆ ಎಂಟನೇ ಮೆಟ್ಟಿಲಿಗೆ ಬಂದಿತ್ತು. ಬೆಳಗ್ಗೆ ಒಲೆ ಹಚ್ಚಲು ಬಗ್ಗಿದ ಅವ್ವ ಹಾಗೇ ಕೂತುಬಿಟ್ಟಳು. ದಿನ ತುಂಬಲು ಇನ್ನೂ ಒಂದು ತಿಂಗಳಿತ್ತು. ಅಜ್ಜಿ ಊರಿನ ಎಷ್ಟೋ ಕೂಸುಗಳನ್ನು ಹಿಡಿದವಳು. ಸೀರೆ ಸರಿಸಿ ನೋಡಿ, ಇದು ನನ್ನ ಕೈಯಲ್ಲಿ ಆಗುವುದಲ್ಲ, ರಕ್ತ ಹೋಗ್ತಿದೆ, ಆಸ್ಪತ್ರೆಗೆ ಒಯ್ಯಿರಿ ಎಂದಳು. ಇಬ್ಬರು ಗಂಡಸರು ಅವ್ವನನ್ನು ಕಂಬಳಿಯಲ್ಲಿ ಎತ್ತಿ ತಂದು ಕಡವಿನ ಮರದ ಕೆಳಗಿನ ಕಲ್ಲುಹಾಸಿನ ಮೇಲೆ ಕೂರಿಸಿದರು. ಅಜ್ಜಿ ಅವಳ ಬೆನ್ನಿಗೆ ಆತು ಕೂತಳು. ಕಡವಿನಲ್ಲಿ ಸಂತೆಗೆ ಹೊರಟ ಹದಿನಾಲ್ಕು ಜನ ಬುಟ್ಟಿ, ಚೀಲ ಇಟ್ಟುಕೊಂಡು ಆಗಲೇ ನಿಂತಿದ್ದರು. ಆ ನೀರಿಗೆ ಏಳು ಜನಕ್ಕಿಂತ ಹೆಚ್ಚು ಹಾಕುವ ಹಾಗಿಲ್ಲ. ಹರಿಗೋಲನ್ನು ದಂಡೆಗುಂಟ ಮೇಲಕ್ಕೆ ಎಳೆದು ಅಲ್ಲಿಂದ ಬಿಟ್ಟರೆ ಅದು ಓರೆಯಾಗಿ ಜಾರಿ ಆಚೆ ಕಡವಿಗೆ ಸೇರಬೇಕು. ಹೋಗಿ ಬರಲು ಮುಕ್ಕಾಲು ಗಂಟೆ. ಎರಡು ಸಲ ಎಂದರೆ ಒಂದೂವರೆ ಗಂಟೆ. ಸೊರಬದ ಬಸ್ಸು ಹತ್ತಕ್ಕೆ, ಆಗಲೇ ಎಂಟೂವರೆ ಆಗಿತ್ತು.

ಮೊದಲು ಮಾತಾಡಿದವನು ಹಾಲಪ್ಪನೇ.

"ಏ ತಮ್ಮಾ, ನಿಮ್ಮವ್ವನ್ನ ಮೊದಲು ಕೂರ್ಸಾ. ನಮ್ಮ ಬದನೆಕಾಯಿಗೆ ಎಂತ ಅವಸರನೂ ಇಲ್ಲ."

ಈಗ ಯೋಚಿಸಿದರೆ ಅದರಲ್ಲಿ ಕೊಂಕು ಇರಲಿಲ್ಲ. ಆಗ ನನಗೆ ಹಾಗೆ ಕೇಳಲಿಲ್ಲ. ಇವನು ಮತ್ತೆ ನನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ, ಮುಂದಿನ ವಾರ ಸಂತೆಯಲ್ಲಿ ನಾಲ್ಕು ಜನರ ಮುಂದೆ ಆಡಿಕೊಳ್ಳುತ್ತಾನೆ ಎಂದೇ ಅನಿಸಿತು. ಅಪ್ಪನ ಕಡೆ ನೋಡಿದೆ. ಅವನು ನನ್ನನ್ನು ನೋಡಲಿಲ್ಲ, ಅವ್ವನನ್ನೂ ನೋಡಲಿಲ್ಲ. ಹೊಳೆ ನೋಡುತ್ತಾ ನಿಂತಿದ್ದ. ಅವನು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ತಲೆ ಆಡಿಸಿದ್ದರೂ ಆಗುತ್ತಿತ್ತು. ನಾನು ಅವ್ವನನ್ನು ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ನಾನು ಹುಟ್ಟನ್ನು ನೆಲಕ್ಕೆ ಕುಟ್ಟಿ, ಅಪ್ಪನ ದನಿಯನ್ನೇ ತಂದುಕೊಂಡು ಕೂಗಿದೆ:

"ಕಾದವರು ಮೊದಲು ಹತ್ರಿ."

ಯಾರೂ ಹತ್ತಲಿಲ್ಲ. ಒಂದು ಗಳಿಗೆ ಎಲ್ಲರೂ ಅಪ್ಪನ ಮುಖ ನೋಡಿದರು. ಅಪ್ಪ ಇನ್ನೂ ಹೊಳೆಯನ್ನೇ ನೋಡುತ್ತಿದ್ದ. ಆಮೇಲೆ ಒಬ್ಬೊಬ್ಬರಾಗಿ ಹತ್ತಿದರು. ಹಾಲಪ್ಪ ಹತ್ತಲಿಲ್ಲ, ತನ್ನ ಜಾಗಕ್ಕೆ ಬೇರೆಯವನನ್ನು ಕಳಿಸಿ, ಎರಡನೇ ಸಲಕ್ಕೂ ಹತ್ತದೆ ಅಲ್ಲೇ ಕೂತ. ಎರಡು ಸಲವೂ ನಾನು ಇರುವ ಶಕ್ತಿಯನ್ನೆಲ್ಲ ಹಾಕಿ ಹುಟ್ಟು ಎಳೆದೆ. ಹುಡುಗ ಗಂಡಸಿನ ಹಾಗೆ ಹಾಕ್ತಾನೆ ಎಂದು ಯಾರೋ ಹೇಳಿದ್ದು ಕಿವಿಗೆ ಬಿತ್ತು. ನಾಚಿಕೆಯಿಂದ ಬರೆಯುತ್ತಿದ್ದೇನೆ, ಆ ಮಾತು ಕೇಳಿ ನನಗೆ ಖುಷಿಯಾಗಿತ್ತು.

ಮೂರನೇ ಸಲಕ್ಕೆ ಅವ್ವ, ಅಜ್ಜಿ, ಅಪ್ಪ, ಹಾಲಪ್ಪ. ಹದಿನಾಲ್ಕು ವರ್ಷ ಆ ಮನೆಯಲ್ಲಿದ್ದರೂ ಅವ್ವ ನಡುಹೊಳೆಯಲ್ಲಿ ಅಂಚು ಬಿಡುತ್ತಿರಲಿಲ್ಲ. ಆ ದಿನ ಅವಳ ಕೈ ಅಂಚಿನ ಮೇಲೆ ಇರಲಿಲ್ಲ. ಕಂಬಳಿಯ ಮೇಲೆ ಬಿದ್ದಿತ್ತು. ನಾವು ಹೊಳೆಯ ನಡುವೆ ಇರುವಾಗಲೇ ಆಚೆ ರಸ್ತೆಯಲ್ಲಿ ಬಸ್ಸು ಹಾರನ್ ಮಾಡಿ ಹೊರಟಿತು. ಹಾಲಪ್ಪ ಹರಿಗೋಲಿನಲ್ಲಿ ಎದ್ದು ನಿಂತು ಪಂಚೆ ಬೀಸಿದ. ಅಲುಗಾಡಬೇಡ ಎಂದು ನಾನು ಗದರಿದೆ. ಆಮೇಲೆ ಎತ್ತಿನ ಗಾಡಿ ಹುಡುಕಿದ್ದೂ ಅವನೇ. ಸೊರಬದ ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ ಎರಡು ದಾಟಿತ್ತು. ಕೂಸು ಹೆಣ್ಣು. ಉಸಿರು ಇರಲಿಲ್ಲ. ಅವ್ವ ಉಳಿದಳು. ಒಂದು ಗಂಟೆ ಮೊದಲು ತಂದಿದ್ದರೆ ಎಂದು ನರ್ಸಮ್ಮ ಅಜ್ಜಿಗೆ ಹೇಳಿದ್ದನ್ನು ಬಾಗಿಲ ಹೊರಗೆ ನಿಂತು ನಾನು ಕೇಳಿಸಿಕೊಂಡೆ. ಅಪ್ಪನಿಗೂ ಕೇಳಿಸಿತು. ಅವನು ಎದ್ದು, ಕಡವಿನಲ್ಲಿ ಜನ ನಿಂತಿರ್ತಾರೆ ನಡಿ ಎಂದ. ಹೋದೆವು.

ಹದಿನೈದು ದಿನದ ಮೇಲೆ ಮಾವ ಬಂದು ಅವ್ವನನ್ನು ಆಸ್ಪತ್ರೆಯಿಂದಲೇ ತವರಿಗೆ ಕರೆದುಕೊಂಡು ಹೋದ. ಬಾಣಂತನ ಮುಗಿಸಿ ಬರುತ್ತಾಳೆ ಎಂದುಕೊಂಡೆವು. ಮೂರು ತಿಂಗಳಾಯಿತು, ದೀಪಾವಳಿ ಹೋಯಿತು, ಬರಲಿಲ್ಲ. ಹೊಳೆ ದಾಟಲು ಹೆದರಿಕೆ ಎಂದು ಊರಿನವರು ತಾವೇ ಕಾರಣ ಹುಡುಕಿಕೊಂಡರು, ನಾವೂ ಅದನ್ನೇ ಹೇಳಿದೆವು. ಮನೆ ಬೇರೆಯೇ ಆಯಿತು. ಅಜ್ಜಿಯ ಕಣ್ಣು ಮಂಜಾಗಿದ್ದರಿಂದ ಅನ್ನ ನಾನೇ ಇಡುತ್ತಿದ್ದೆ. ಡಾಂಬರು ಒಲೆಯ ಮೇಲೆ ಕುದಿಯುತ್ತಿದ್ದರೂ ಯಾರೂ ಬೈಯುತ್ತಿರಲಿಲ್ಲ. ಅಪ್ಪ ತುತ್ತು ಬಿಟ್ಟು ಎದ್ದು ಹೋದರೆ ತಟ್ಟೆ ತೆರೆದೇ ಇರುತ್ತಿತ್ತು, ಮುಚ್ಚಬೇಕು ಎಂದು ನನಗೆ ನೆನಪಾಗುವಷ್ಟರಲ್ಲಿ ಇರುವೆ ಮುತ್ತಿರುತ್ತಿತ್ತು. ಶಾಲೆಗೆ ಮತ್ತೆ ಹೋಗುವ ಮಾತು ಯಾರೂ ಎತ್ತಲಿಲ್ಲ.

ಬೇಸಿಗೆಯಲ್ಲಿ ನಾನೇ ತೊಗರ್ಸಿ ಕಡೆಗೆ ಹೋದೆ. ಅವ್ವ ಮಾವನ ಮನೆಯ ಹಿತ್ತಿಲಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಈಗ ಹೊಳೆಯಲ್ಲಿ ನೀರೇ ಇಲ್ಲ, ನಡೆದೇ ದಾಟಬಹುದು, ಬಾ ಎಂದೆ. ಅವಳು ಕೈಯ ಧೂಳು ಕೊಡವಿದಳು.

"ನೀರಿಗೆ ಹೆದರಿ ಇಲ್ಲೇ ಅದೀನಿ ಅಂತ ನಿಂಗ್ಯಾರು ಹೇಳಿದ್ರು?"

"ಮತ್ತೆ?"

"ನಿಮ್ಮಪ್ಪ ಬಂದು ಕರೀಲಿ. ಬರ್ತೀನಿ."

ಇದಿಷ್ಟೇ ಅವಳು ಕೇಳಿದ್ದು. ಅಪ್ಪನಿಗೆ ಹೇಳಿದೆ. ಕಡವು ಬಿಟ್ಟು ಹೆಂಗೆ ಹೋಗೋದು ಎಂದ. ಕಡವಿನಲ್ಲಿ ಆಗ ಮೊಣಕಾಲು ಮುಳುಗುವಷ್ಟೂ ನೀರಿರಲಿಲ್ಲ. ಹರಿಗೋಲು ನಡುಮನೆಯಲ್ಲಿ ಬೋರಲು ಬಿದ್ದಿತ್ತು. ನಾನು ಅದನ್ನು ನೋಡಿದೆ, ಅವನೂ ನೋಡಿದ. ಮುಂದಿನ ಬೇಸಿಗೆಯಲ್ಲೂ ಹೋದೆ, ಅದರ ಮುಂದಿನ ಬೇಸಿಗೆಯಲ್ಲೂ ಹೋದೆ. ಒಂಬತ್ತು ಬೇಸಿಗೆ ಹೋದೆ. ಅವಳ ಮಾತು ಒಂದೇ, ಅವನ ಮಾತೂ ಒಂದೇ. ನಡುವೆ ಓಡಾಡಿದವನು ನಾನು. ಆ ಕೂಗು ನನ್ನದು, ಅಪ್ಪ ಏನೂ ಹೇಳಿರಲಿಲ್ಲ ಎಂದು ಅವ್ವನಿಗೆ ಹೇಳಬೇಕೆಂದು ಪ್ರತಿ ಸಲವೂ ಬಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವಳ ಎದುರು ಕೂತರೆ ಬಾಯಿ ಬರುತ್ತಿರಲಿಲ್ಲ. ಅಪ್ಪನೂ ಅದು ಹುಡುಗ ಮಾಡಿದ್ದು ಎಂದು ಯಾರ ಹತ್ತಿರವೂ ಹೇಳಲಿಲ್ಲ. ಊರೆಲ್ಲ ಅವನನ್ನೇ ಅಂದಿತು, ಅಂದುಕೊಳ್ಳಲು ಬಿಟ್ಟ. ಅದು ಅವನು ನನಗೆ ಕೊಟ್ಟದ್ದೋ ನನ್ನ ಮೇಲೆ ಹೇರಿದ್ದೋ ಇವತ್ತಿಗೂ ತಿಳಿಯದು.

ಹತ್ತನೇ ವರ್ಷಕ್ಕೆ ಸೇತುವೆ ಆಯಿತು. ಆ ಸುಗ್ಗಿಯಲ್ಲಿ ಭತ್ತ ಕೇಳಲು ಅಪ್ಪ ಕಣಕ್ಕೆ ಹೋಗಲಿಲ್ಲ. ಅಜ್ಜಿ ಆ ಹೊತ್ತಿಗೆ ತೀರಿಕೊಂಡಿದ್ದಳು. ಅಪ್ಪ ಬೆಳಗ್ಗೆ ಎದ್ದು ಕಡವಿಗೆ ಹೋಗಿ, ತಲೆಯ ಮೇಲೆ ಸೇತುವೆಯಲ್ಲಿ ಹೋಗುವ ಟ್ರ್ಯಾಕ್ಟರ್ ನೋಡುತ್ತಾ ಕೂರುತ್ತಿದ್ದ. ಈಗ ಕಾಯುವುದು ಏನಿದೆ, ಈಗಲಾದರೂ ಹೋಗಿ ಕರೆದುಕೊಂಡು ಬಾ ಎಂದೆ. ಅವನು ಕೇಳಿದ:

"ಏನಂತ ಕರೀಲಿ?"

ಆ ವರ್ಷವೇ ನಾನು ಮಂಗಳೂರಿಗೆ ಹೋಗಿ ಬಂದರಿನ ಹತ್ತಿರ ಹಡಗು, ದೋಣಿ ರಿಪೇರಿ ಮಾಡುವ ಯಾರ್ಡಿನಲ್ಲಿ ವೆಲ್ಡಿಂಗ್ ಕೆಲಸಕ್ಕೆ ಸೇರಿದೆ. ಮನೆಯ ಗಾತ್ರದ ಹರಿಗೋಲು ನೋಡಿ ಬೆಳೆದವನು ಊರಿನ ಗಾತ್ರದ ಹಡಗಿನ ಹೊಟ್ಟೆಯ ಕೆಳಗೆ ನಿಂತೆ. ಕೆಲಸಕ್ಕೆ ಹೆದರಲಿಲ್ಲ, ಆರು ತಿಂಗಳಲ್ಲಿ ಜೋಡಣೆ ಕಲಿತೆ. ಅಲ್ಲಿ ನನ್ನ ಜೊತೆಗೆ ಹಡಗಿನಲ್ಲಿ ದುಡಿದು ಬಂದ ಒಬ್ಬ ಮುದುಕ ಇದ್ದ. ಮಧ್ಯಾಹ್ನ ಊಟದ ಹೊತ್ತಿಗೆ ನಾನು ನಮ್ಮ ಮನೆಯ ನೇಮವನ್ನು ಸ್ವಲ್ಪ ದೊಡ್ಡದು ಮಾಡಿಯೇ ಹೇಳಿದೆ. ಅವನು ತಲೆದೂಗಿ, ಹಡಗಿಗೂ ಅಂಥದ್ದೇ ಉಂಟು ಎಂದ. ಹಡಗು ಮುಳುಗುವ ಹೊತ್ತಿಗೆ ಹೆಂಗಸರು ಮಕ್ಕಳು ಮೊದಲು ಇಳಿಯಬೇಕು, ನಡೆಸುವವನು ಕೊನೆಗೆ, ಅದು ಹಿಂದಿನಿಂದ ಬಂದದ್ದು ಮಾರಾಯ ಎಂದ. ಕೊನೆಗೆ ಇಳಿಯಬೇಕಾದವನು ನಡೆಸುವವನು ಮಾತ್ರ ಎಂದು ನಾನು ಕೇಳಿದ್ದು ಅದೇ ಮೊದಲು. ಮನೆಯವರು ಎಂದರೆ ಯಾರು ಎಂದು ನಾವು ಯಾವತ್ತೂ ಬಿಡಿಸಿ ಯೋಚಿಸಿರಲಿಲ್ಲ. ಡಬ್ಬಿ ಮುಚ್ಚಿಟ್ಟು ಎದ್ದೆ.

ಸೇತುವೆ ಆದ ಎರಡನೇ ವರ್ಷ ಅಪ್ಪ ಸತ್ತ. ಅವ್ವ ಬಸ್ಸಿನಲ್ಲಿ ಬಂದು ಸೇತುವೆಯ ತುದಿಯಲ್ಲಿ ಇಳಿದಳು. ನಡುಮನೆಯಲ್ಲಿ ಅವನ ತಲೆಯ ಹತ್ತಿರ ಕೂತು, ಮಡಚದ ಆ ಬೆರಳನ್ನು ಹಿಡಿದುಕೊಂಡಳು. ಅಳಲಿಲ್ಲ. ದಿನಗಳು ಮುಗಿದ ಮೇಲೆ ಮತ್ತೆ ಅಣ್ಣನ ಮನೆಗೇ ಹೋದಳು. ನಾನು ಶಿಕಾರಿಪುರದಲ್ಲಿ ಸ್ವಂತ ಶೆಡ್ಡು ಹಾಕಿ, ಮದುವೆಯಾದ ಮೇಲೆ ನನ್ನ ಜೊತೆ ಬಂದು ಇದ್ದಳು. ಒಂದು ಮಧ್ಯಾಹ್ನ ಅವಳು ಅಕ್ಕಿ ಆರಿಸುತ್ತಿದ್ದಾಗ ಹೇಳಿಯೇ ಬಿಟ್ಟೆ. ಕಾದವರು ಹತ್ರಿ ಅಂದದ್ದು ಅಪ್ಪ ಅಲ್ಲ, ನಾನು ಎಂದೆ. ಅವಳು ಮೊರದಿಂದ ಕಣ್ಣು ತೆಗೆಯಲಿಲ್ಲ.

"ನನ್ನ ಮಗನ ದನಿ ನಂಗ ಗೊತ್ತಿಲ್ಲೇನು? ನೀ ಹುಡುಗ. ಅವರು ಅಲ್ಲೇ ನಿಂತಿದ್ರು."

"ಹಂಗಾದ್ರೆ ನಿಂಗೆ ಗೊತ್ತು ಅಂತ ಅಪ್ಪನಿಗೆ ಯಾಕೆ ಹೇಳ್ಲಿಲ್ಲ?"

"ಅವರು ಬಂದು ಕರದಿದ್ರ ಹೇಳ್ತಿದ್ದೆ."

ಮತ್ತೆ ಅಕ್ಕಿ ಆರಿಸತೊಡಗಿದಳು. ಅವಳು ತೀರಿಕೊಂಡು ಈಗ ಆರು ವರ್ಷ. ನಾನು ಯಾರ ಮುಂದೆಯೂ ಕೈ ಚಾಚದೆ ಬದುಕಿದ್ದೇನೆ, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮಳೆಗಾಲದಲ್ಲಿ ಜಲಾಶಯದ ಮೀನಿನವರಿಗೆ ಡ್ರಮ್ಮು ಕಟ್ಟಿದ ತೆಪ್ಪ ಮಾಡಿಕೊಡುತ್ತೇನೆ. ಅದರಲ್ಲಿ ಯಾರು ಮೊದಲು ಹತ್ತಬೇಕು ಎಂದು ಅವರಿಗೆ ಹೇಳಲು ಹೋಗುವುದಿಲ್ಲ.

ಈಗ ನನ್ನಲ್ಲಿ ಇರುವುದು: ಒಂದು ಶೆಡ್ಡು, ಎರಡು ವೆಲ್ಡಿಂಗ್ ಮಷೀನು, ಕೆಲಸಕ್ಕೆ ಮೂವರು. ನಾಲ್ಕು ಕೋಣೆಯ ಒಂದು ಮನೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ವರದಾ ದಂಡೆಯಲ್ಲಿ ಎಂಟು ಗುಂಟೆ ಜಾಗ, ಅದರ ಮೇಲೆ ದೋಣಿಮನೆಯ ಗೋಡೆ ಮಾತ್ರ. ಅಪ್ಪನ ಫೋಟೋ ಒಂದು, ಅವ್ವನದು ಎರಡು. ಇಬ್ಬರೂ ಒಟ್ಟಿಗೆ ಇರುವುದು ಒಂದೂ ಇಲ್ಲ.